ಕೃಷ್ಣನ ತಲೆಯ ಮೇಲಿನ ಕೊಡೆ

ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಬೆಳ್ಳಿ ತುಂಡು. ಪೂರ್ತಿ ಚೌಕ ಅಲ್ಲ, ದುಂಡಗಂತೂ ಅಲ್ಲವೇ ಅಲ್ಲ. ಅವಸರದಲ್ಲಿ ತಗಡು ಕತ್ತರಿಸಿದ ಹಾಗಿದೆ. ಒಂದು ಮುಖದಲ್ಲಿ ಒನಕೆ, ನೇಗಿಲು ಹಿಡಿದು ನಿಂತ ಗಂಡಸು. ತಿರುಗಿಸಿದರೆ ಇನ್ನೊಬ್ಬ, ಅವನ ಕೈಯಲ್ಲಿ ಚಕ್ರ, ಶಂಖ. ಇಷ್ಟು ಹೇಳಿದರೆ ಸಾಕು, ನಮ್ಮಲ್ಲಿ ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ: ಬಲರಾಮ, ಕೃಷ್ಣ.

ಆದರೆ ಬಲರಾಮನ ಅಕ್ಕಪಕ್ಕ ಇರುವುದು ಗ್ರೀಕ್ ಅಕ್ಷರ. ‘ಬಸಿಲೆಓಸ್ ಅಗಾಥೊಕ್ಲೆಉಸ್’, ಅಂದರೆ ‘ರಾಜ ಅಗಾಥೊಕ್ಲಿಸನದು’. ಕೃಷ್ಣನ ಅಕ್ಕಪಕ್ಕ ಅದೇ ಮಾತು ಬ್ರಾಹ್ಮಿ ಲಿಪಿಯಲ್ಲಿದೆ: ‘ರಜನೆ ಅಗಥುಕ್ಲಯಸ’.

ಇಂಥ ಆರು ನಾಣ್ಯ 1970ರಲ್ಲಿ ಸಿಕ್ಕವು. ಸಿಕ್ಕಿದ್ದು ಮಥುರೆಯಲ್ಲೂ ಅಲ್ಲ, ದ್ವಾರಕೆಯಲ್ಲೂ ಅಲ್ಲ. ಅಫ್ಘಾನಿಸ್ತಾನದ ಉತ್ತರದ ಅಂಚಿನಲ್ಲಿ, ಅಮು ದರ್ಯಾ ಮತ್ತು ಕೊಕ್ಚಾ ನದಿಗಳು ಸೇರುವ ಕಡೆ, ಆಯ್ ಖಾನೂಂ ಅನ್ನುವ ಹಾಳೂರಿನಲ್ಲಿ. ಪಾಲ್ ಬರ್ನಾರ್ಡ್ ಎಂಬವರ ನೇತೃತ್ವದಲ್ಲಿ ಫ್ರೆಂಚ್ ತಂಡ ಅಲ್ಲಿ ಅಗೆಯುತ್ತಿತ್ತು. ಅರಮನೆಯಲ್ಲಿ ಒಟ್ಟು 683 ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. ಅದರಲ್ಲಿ 677 ಭಾರತದ ಹಳೇ ಪಂಚ್‌ಮಾರ್ಕ್ ನಾಣ್ಯ, ಅಂದರೆ ಗುರುತುಗಳನ್ನು ಒತ್ತಿದ ಬೆಳ್ಳಿ ತುಂಡು. ಉಳಿದ ಆರು ಇವು. ಕಾಲ ಹೆಚ್ಚುಕಡಿಮೆ ಕ್ರಿ.ಪೂ. 180. ಕಾಲ ಇಷ್ಟು ಗಟ್ಟಿಯಾಗಿ ಗೊತ್ತಿರುವ ಕೃಷ್ಣನ ಚಿತ್ರಗಳಲ್ಲಿ ಇದಕ್ಕಿಂತ ಹಳೆಯವು ಸಿಗುವುದು ಕಷ್ಟ.

ಇಂಥ ವಸ್ತುಗಳನ್ನು ‘ಗ್ರೀಕ್ ಮತ್ತು ಪೂರ್ವದ ಕಲೆಗಳ ಸಂಗಮ’ ಅಂತ ಒಂದೇ ಮಾತಿನಲ್ಲಿ ಮುಗಿಸುವುದು ರೂಢಿ. ನನಗೆ ಆ ಪದ ಅಷ್ಟು ಹಿಡಿಸುವುದಿಲ್ಲ. ಸಂಗಮದಲ್ಲಿ ಸ್ವಲ್ಪ ದೂರ ಹೋದ ಮೇಲೆ ಯಾವ ನೀರು ಯಾವುದು ಅಂತ ಗೊತ್ತಾಗುವುದಿಲ್ಲ. ಇಲ್ಲಿ ಗೊತ್ತಾಗುತ್ತದೆ. ‘ಬೆಸುಗೆ’ ಅಂದರೆ ಸರಿಹೋಗುತ್ತದೆ. ಮುರಿದ ಓಲೆಯನ್ನು ಅಕ್ಕಸಾಲಿ ಬೆಸೆದು, ಉಜ್ಜಿ, ಹೊಳಪು ಕೊಟ್ಟೇ ಕೊಡುತ್ತಾನೆ. ಆದರೂ ತಿರುಗಿಸಿ ತಿರುಗಿಸಿ ನೋಡಿದರೆ ಎಲ್ಲೋ ಒಂದು ಕಡೆ ಗೆರೆ ಕಾಣುತ್ತದೆ. ಈ ಬೆಳ್ಳಿ, ಹರಳುಗಳನ್ನು ಓದುವುದು ಅಂದರೆ ಆ ಗೆರೆ ಹುಡುಕುವುದು.

ನಾಣ್ಯದಲ್ಲೇ ಹುಡುಕೋಣ. ಮೊದಲು ಆಕಾರ. ಗ್ರೀಕರ ನಾಣ್ಯ ದುಂಡಗೆ, ದಪ್ಪಗೆ ಇರುತ್ತಿತ್ತು. ತೂಕ ಸರಿಮಾಡಿಕೊಂಡ ಬಿಲ್ಲೆಯನ್ನು ಕಾಯಿಸಿ, ಕೆಳಗೊಂದು ಅಚ್ಚು, ಮೇಲೊಂದು ಅಚ್ಚು ಇಟ್ಟು ಸುತ್ತಿಗೆಯಿಂದ ಒಂದೇಟು ಹೊಡೆದರೆ ಎರಡು ಕಡೆಯೂ ಚಿತ್ರ ಮೂಡುತ್ತಿತ್ತು. ಭಾರತದ ಪದ್ಧತಿಯೇ ಬೇರೆ. ಬೆಳ್ಳಿ ತಗಡನ್ನು ಪಟ್ಟಿಯಾಗಿ ಕತ್ತರಿಸಿ, ಪಟ್ಟಿಯನ್ನು ತುಂಡು ಮಾಡಿ, ತೂಕ ಜಾಸ್ತಿಯಾದರೆ ಮೂಲೆ ಚಿವುಟಿ, ಮೇಲೆ ಸೂರ್ಯ, ಬೆಟ್ಟ, ಆನೆ ಇಂಥ ಗುರುತುಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಚಿತ್ರ ಚೆಂದ ಇರಬೇಕು ಅಂತೇನಿಲ್ಲ, ತೂಕ ಸರಿ ಇದ್ದರೆ ಆಯಿತು. 32 ಗುಲಗಂಜಿ, ಅಂದರೆ ಸುಮಾರು ಮೂರೂಕಾಲು ಗ್ರಾಂ. ಅಗಾಥೊಕ್ಲಿಸ್ ಮಾಡಿಸಿದ್ದು ಎರಡರ ಬೆಸುಗೆ. ತುಂಡು ಭಾರತದ ಅಳತೆಯದು, ಭಾರತದ ಕತ್ತರಿಯದು. ಹೊಡೆದದ್ದು ಗ್ರೀಕರ ಹಾಗೆ, ಎರಡು ಅಚ್ಚು ಇಟ್ಟು.

ಈಗ ಚಿತ್ರ. ಕೃಷ್ಣನಿಗೆ ಎರಡೇ ಕೈ. ಕೊಳಲಿಲ್ಲ, ನವಿಲುಗರಿ ಇಲ್ಲ. ಅವೆಲ್ಲ ಬಂದದ್ದು ಆಮೇಲೆ. ಸೊಂಟದಲ್ಲಿ ಕತ್ತಿಯ ಒರೆ. ಕಿವಿಯಲ್ಲಿ ಓಲೆ. ದೇಹ ನಮ್ಮ ಕಡೆ ಮುಖ ಮಾಡಿದೆ, ಪಾದ ಮಾತ್ರ ಎರಡೂ ಪಕ್ಕಕ್ಕೆ ತಿರುಗಿವೆ. ನಿಂತ ದೇಹದ ಭಾರವನ್ನು ಒಂದು ಕಾಲಿನ ಮೇಲೆ ಹಾಕಿಸುವ ಗ್ರೀಕ್ ಶಿಲ್ಪಿ ಹೀಗೆ ಕೆತ್ತುವವನಲ್ಲ. ಕಾಲಿಗೆ ತುದಿ ಮೇಲೆದ್ದ ಬೂಟು! ಗೋಪಾಲನಿಗೆ ಬೂಟು ತೊಡಿಸಬೇಕಾದರೆ ಚಳಿ ದೇಶದವನೇ ಆಗಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ತಲೆ. ಟೋಪಿಯಂಥದ್ದೇನೋ ಇದೆ, ಅದರ ನಡುವಿನಿಂದ ಒಂದು ಕಡ್ಡಿ ಎದ್ದಿದೆ, ಕಡ್ಡಿಯ ತುದಿಗೆ ಅರ್ಧಚಂದ್ರ. ವಿಚಿತ್ರ ಕಿರೀಟ ಅನಿಸುತ್ತದೆ. ವಿದ್ವಾಂಸರು ಇದನ್ನು ಓದಿದ್ದು ಹೀಗೆ: ಅದು ಛತ್ರಿ. ಭಾರತದಲ್ಲಿ ದೇವರ, ದೊರೆಯ ತಲೆಯ ಮೇಲೆ ಕೊಡೆ ಹಿಡಿಯುತ್ತಾರಲ್ಲ, ಆ ಶ್ವೇತಛತ್ರ. ಅಚ್ಚು ಕೆತ್ತಿದವನು ಯಾವುದೋ ಮೂರ್ತಿಯನ್ನೋ ಚಿತ್ರವನ್ನೋ ಮುಂದೆ ಇಟ್ಟುಕೊಂಡಿರಬೇಕು. ಮೂರ್ತಿಯ ಹಿಂದೆ ನೆಟ್ಟ ಕೊಡೆಯ ಕೋಲು ಅವನ ಕಣ್ಣಿಗೆ ಟೋಪಿಯಿಂದಲೇ ಎದ್ದ ಹಾಗೆ ಕಂಡಿತು. ಕಂಡ ಹಾಗೆ ಕೆತ್ತಿದ. ಬೆಸುಗೆಯ ಗೆರೆ ಅಂದೆನಲ್ಲ, ಇದೇ ಅದು.

ತಪ್ಪು ಮಾಡಿದ ಅಂತ ನಗಬಹುದು. ಆದರೆ ಎಷ್ಟು ಸಂಗತಿ ಅದರಿಂದ ತಿಳಿಯುತ್ತದೆ ನೋಡಿ. ನಕಲು ಮಾಡಲು ಅವನ ಎದುರು ಒಂದು ಮೂರ್ತಿ ಇದ್ದಿರಬೇಕು. ಅಂದರೆ ಆ ಕಾಲಕ್ಕಾಗಲೇ ವಾಸುದೇವನಿಗೆ ರೂಪ ಇತ್ತು. ಆ ಭಕ್ತರ ಕೈಗೆ ಹೋಗುವ ನಾಣ್ಯದಲ್ಲಿ ಅವರ ದೇವರೇ ಇರಲಿ ಅಂತ ಗ್ರೀಕ್ ದೊರೆಗೆ ಅನಿಸಿತ್ತು. ಕೆತ್ತಿದವನಿಗೆ ಮಾತ್ರ ಆ ದೇವರ ಪರಿಚಯ ಅಷ್ಟಕ್ಕಷ್ಟೇ.

ಈ ಗ್ರೀಕರು ಅಲ್ಲಿಗೆ ಬಂದದ್ದು ಹೇಗೆ ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ. ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಸತ್ತ. ಅವನು ಬಿಟ್ಟುಹೋದ ಸೈನಿಕರು, ಆಮೇಲೆ ಬಂದ ವಲಸೆಗಾರರು ಬ್ಯಾಕ್ಟ್ರಿಯಾದಲ್ಲಿ, ಅಂದರೆ ಇಂದಿನ ಅಫ್ಘಾನಿಸ್ತಾನದ ಉತ್ತರ ಭಾಗದಲ್ಲಿ, ನೆಲೆ ನಿಂತರು. ಒಂದೆರಡು ತಲೆಮಾರಿನ ನಂತರ ಅಲ್ಲಿ ಸ್ವತಂತ್ರ ಗ್ರೀಕ್ ದೊರೆಗಳಾದರು. ಕ್ರಿ.ಪೂ. 2ನೇ ಶತಮಾನದ ಹೊತ್ತಿಗೆ ಹಿಂದೂಕುಶ್ ದಾಟಿ ಗಾಂಧಾರ, ಪಂಜಾಬಿಗೆ ಇಳಿದರು. ಆಯ್ ಖಾನೂಂನಲ್ಲಿ ಅವರಿಗೆ ನಾಟಕ ಮಂದಿರ ಇತ್ತು, ಗರಡಿ ಇತ್ತು. ದೇವಸ್ಥಾನ ಮಾತ್ರ ಗ್ರೀಕ್ ಕಂಬಗಳ ಮಾದರಿಯದಲ್ಲ. ದಪ್ಪ ಮಣ್ಣಿಟ್ಟಿಗೆ ಗೋಡೆಯ, ಮೆಸೊಪೊಟೇಮಿಯಾ ಕಡೆಯ ನಕ್ಷೆ.

ಆ ದೇವಸ್ಥಾನದಲ್ಲೇ ಇನ್ನೊಂದು ಬೆಳ್ಳಿ ವಸ್ತು ಸಿಕ್ಕಿದೆ. ಸುಮಾರು 25 ಸೆಂಟಿಮೀಟರ್ ಅಗಲದ ತಟ್ಟೆ, ನಮ್ಮ ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು. ಕ್ರಿ.ಪೂ. 3ನೇ ಶತಮಾನದ್ದು. ಬೆಳ್ಳಿಯನ್ನು ಬಡಿದು ಉಬ್ಬಿಸಿ ಚಿತ್ರ ಎಬ್ಬಿಸಿದ್ದಾರೆ, ಮೇಲೆ ಅಲ್ಲಲ್ಲಿ ಚಿನ್ನದ ಮುಲಾಮು ಹಚ್ಚಿದ್ದಾರೆ. ಚಿತ್ರದಲ್ಲಿ ಎರಡು ಸಿಂಹ ಎಳೆಯುವ ರಥ. ರಥದಲ್ಲಿ ಕೋಟೆಯ ಗೋಡೆಯಂಥ ಕಿರೀಟ ತೊಟ್ಟ ಸಿಬೆಲೆ ದೇವಿ. ಲಗಾಮು ಹಿಡಿದವಳು ರೆಕ್ಕೆಯಿರುವ ವಿಜಯದೇವತೆ ನೈಕಿ. ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಎದ್ದ ಎತ್ತರದ ಬಲಿಪೀಠ, ಅದರ ಮೇಲೆ ಒಬ್ಬ ಪೂಜಾರಿ. ಆಕಾಶದಲ್ಲಿ ಕಿರಣ ಬಿಡುವ ಸೂರ್ಯನ ಮುಖ, ಪಕ್ಕದಲ್ಲಿ ಬಿದಿಗೆ ಚಂದ್ರ, ಒಂದು ನಕ್ಷತ್ರ. ರಥದ ಹಿಂದೆ ಇನ್ನೊಬ್ಬ ಪೂಜಾರಿ ನಡೆಯುತ್ತಿದ್ದಾನೆ. ಅವನ ಕೈಯಲ್ಲಿ ಏನಿದೆ ಗೊತ್ತಾ? ಕೊಡೆ!

ಅದೇ ಊರು, ಅದೇ ಕೊಡೆ. ಇಲ್ಲಿ ಮಾತ್ರ ಸರಿಯಾಗಿದೆ. ಕೋಲು ಪೂಜಾರಿಯ ಕೈಯಲ್ಲಿದೆ, ನೆರಳು ದೇವಿಯ ಮೇಲಿದೆ. ಈ ತಟ್ಟೆ ಮಾಡಿದವನಿಗೆ ಮೆರವಣಿಗೆಯಲ್ಲಿ ಕೊಡೆ ಹಿಡಿಯುವುದು ಹೇಗೆ ಅಂತ ಗೊತ್ತಿತ್ತು. ಪರ್ಷಿಯಾ, ಸಿರಿಯಾ ಕಡೆ ಆ ಪದ್ಧತಿ ಹಳೆಯದು. ಮೆಟ್ಟಿಲ ಬಲಿಪೀಠ, ರಥದ ಆಕಾರ, ಹಿಂದೆ ಮುಂದೆ ಅನ್ನುವ ಆಳ ಇಲ್ಲದೆ ಎಲ್ಲವನ್ನೂ ಒಂದೇ ಮಟ್ಟದಲ್ಲಿ ಜೋಡಿಸುವ ರೀತಿ, ಇವೆಲ್ಲ ಪೂರ್ವದವು. ನೈಕಿಯ ಬಟ್ಟೆಯ ಮಡಿಕೆ, ಸೂರ್ಯನ ಮುಖ ಗ್ರೀಕರವು. ದೇವಿಯೇ ದೊಡ್ಡ ತಮಾಷೆ. ಸಿಬೆಲೆ ಮೂಲದಲ್ಲಿ ಇಂದಿನ ಟರ್ಕಿಯ ಫ್ರಿಜಿಯಾದವಳು. ಗ್ರೀಕರು ಅವಳನ್ನು ತಮ್ಮವಳಾಗಿ ಮಾಡಿಕೊಂಡು, ಮತ್ತೆ ಪೂರ್ವಕ್ಕೆ ಹೊತ್ತು ತಂದಿದ್ದಾರೆ. ಹಾಗಿದ್ದ ಮೇಲೆ ಅವಳನ್ನು ‘ಗ್ರೀಕ್’ ಅನ್ನೋಣವೋ ‘ಪೂರ್ವ’ ಅನ್ನೋಣವೋ? ಅಂಗಡಿಯ ಡಬ್ಬಿಗಳಿಗೆ ಚೀಟಿ ಅಂಟಿಸಿದ ಹಾಗೆ ಇಲ್ಲಿ ಅಂಟಿಸಲು ಆಗುವುದಿಲ್ಲ.

ಈ ತಟ್ಟೆ ಇವತ್ತಿಗೂ ಉಳಿದದ್ದೇ ಪುಣ್ಯ. ಅಫ್ಘಾನಿಸ್ತಾನದಲ್ಲಿ ಯುದ್ಧ ಹತ್ತಿಕೊಂಡಾಗ ಕಾಬೂಲ್ ಮ್ಯೂಸಿಯಂ ಸಿಬ್ಬಂದಿ ಮುಖ್ಯ ವಸ್ತುಗಳನ್ನು ಸದ್ದಿಲ್ಲದೆ ಬ್ಯಾಂಕಿನ ನೆಲಮಾಳಿಗೆಗೆ ಸಾಗಿಸಿ, ವರ್ಷಗಟ್ಟಲೆ ಬಾಯಿ ಬಿಡದೆ ಕೂತರು. 2003ರ ನಂತರವೇ ಅವು ಮತ್ತೆ ಹೊರಗೆ ಬಂದದ್ದು. ಅದೇ ಉತ್ತರ ಅಫ್ಘಾನಿಸ್ತಾನದ ತಿಲ್ಯಾ ತೆಪೆಯ ಚಿನ್ನವೂ ಹಾಗೇ ಉಳಿಯಿತು. ವಿಕ್ಟರ್ ಸರಿಯಾನಿದಿ 1978ರಲ್ಲಿ ಅಲ್ಲಿ ಅಗೆದ ಆರು ಗೋರಿಗಳಿಂದ 20 ಸಾವಿರಕ್ಕೂ ಹೆಚ್ಚು ಚಿನ್ನದ ತುಣುಕು ಸಿಕ್ಕವು. ಅದರಲ್ಲೊಬ್ಬಳು ಅಫ್ರೊಡೈಟಿ ಇದ್ದಾಳೆ. ಗ್ರೀಕರ ಪ್ರೇಮದೇವತೆ. ಬೆನ್ನಿಗೆ ರೆಕ್ಕೆ, ಹಣೆಗೆ ಬೊಟ್ಟು.

ಹರಳಿನ ಕತೆಗೆ ಬರೋಣ. ಅಲ್ಲಿ ಬೆಸುಗೆ ಇನ್ನೂ ಹಳೆಯದು, ಅಲೆಕ್ಸಾಂಡರ್‌ಗಿಂತ ನೂರು ನೂರೈವತ್ತು ವರ್ಷ ಹಿಂದಿನದು.

ಹರಳಿನಲ್ಲಿ ಎರಡು ಬಗೆಯ ಕೆತ್ತನೆ ಇದೆ. ಚಿತ್ರವನ್ನು ಒಳಕ್ಕೆ ತೋಡಿದರೆ ಅದು ಮುದ್ರೆ. ಮೇಣದ ಮೇಲೋ ಹಸಿ ಮಣ್ಣಿನ ಮೇಲೋ ಒತ್ತಿದಾಗ ಉಬ್ಬಿ ಬರುತ್ತದೆ. ಸುತ್ತಲಿನ ಕಲ್ಲು ತೆಗೆದು ಚಿತ್ರವನ್ನೇ ಉಬ್ಬಿಸಿದರೆ ಅದು ಅಲಂಕಾರ. ಹಳೆಯ ಕಾಲದಲ್ಲಿ ಜಾಸ್ತಿ ಬೇಕಾಗಿದ್ದದ್ದು ಮೊದಲನೆಯದೇ, ಯಾಕೆಂದರೆ ಮುದ್ರೆ ಅಂದರೆ ಸಹಿ. ಮೆಸೊಪೊಟೇಮಿಯಾದವರ ಮುದ್ರೆ ಲಟ್ಟಣಿಗೆಯ ಹಾಗೆ. ಹಸಿ ಮಣ್ಣಿನ ಮೇಲೆ ಉರುಳಿಸಿದರೆ ಚಿತ್ರದ ಪಟ್ಟಿ ಬೀಳುತ್ತದೆ. ಗ್ರೀಕರದು ಒತ್ತುವ ಮುದ್ರೆ.

ಕ್ರಿ.ಪೂ. 5 ಮತ್ತು 4ನೇ ಶತಮಾನಗಳಲ್ಲಿ ಇಂದಿನ ಟರ್ಕಿ ಪರ್ಷಿಯನ್ ಸಾಮ್ರಾಜ್ಯದ ಕೈಯಲ್ಲಿತ್ತು. ಅಲ್ಲಿ ಪರ್ಷಿಯನ್ ಅಧಿಕಾರಿಗಳಿದ್ದರು, ಗ್ರೀಕ್ ಊರುಗಳಿದ್ದವು, ಲಿಡಿಯಾದಂಥ ಸ್ಥಳೀಯ ನಾಡುಗಳಿದ್ದವು. ಅಲ್ಲಿ ಮಾಡಿದ ಮುದ್ರೆಗಳನ್ನು ‘ಗ್ರೀಕೋ-ಪರ್ಷಿಯನ್ ಹರಳು’ ಅನ್ನುತ್ತಾರೆ. ಹೆಚ್ಚಿನವು ಮಬ್ಬು ನೀಲಿಯ ಚಾಲ್ಸೆಡೊನಿ ಕಲ್ಲು, ಬೆನ್ನು ಗುಮ್ಮಟದ ಹಾಗೆ, ಹೊಟ್ಟೆ ಚಪ್ಪಟೆ. ಚಿತ್ರದಲ್ಲಿ ಪರ್ಷಿಯನ್ ಸವಾರ ಕುದುರೆ ಓಡಿಸುತ್ತಾ ಹಂದಿಗೋ ಜಿಂಕೆಗೋ ಈಟಿ ಎಸೆಯುತ್ತಾನೆ. ಅವನು ತೊಟ್ಟಿರುವುದು ಷರಾಯಿ. ಗ್ರೀಕರಿಗೆ ಆ ಉಡುಪು ಕಂಡರೆ ನಗು. ಇನ್ನು ಕೆಲವದರಲ್ಲಿ ಒಬ್ಬ ಹೆಂಗಸು, ಬೆನ್ನ ಮೇಲೆ ಉದ್ದದ ಜಡೆ, ಕೈಯಲ್ಲಿ ಹೂವೋ ಬಟ್ಟಲೋ. ಹಳೇ ಪರ್ಷಿಯನ್ ಮುದ್ರೆಗಳಲ್ಲಿ ದೊರೆ ಸಿಂಹದ ಎದುರು ಮರದ ಹಾಗೆ ಸೆಟೆದು ನಿಲ್ಲುತ್ತಾನೆ. ಇಲ್ಲಿ ಕುದುರೆ ನಿಜವಾಗಿ ಹಾರುತ್ತದೆ, ಸುತ್ತ ಖಾಲಿ ಜಾಗ ಬಿಟ್ಟಿದ್ದಾರೆ. ಚಲನೆ, ಖಾಲಿ ಜಾಗ ಎರಡೂ ಗ್ರೀಕ್ ಕೈಯ ಅಭ್ಯಾಸ. ಕೆತ್ತಿದವನು ಯಾವ ಜಾತಿ, ಯಾವ ನುಡಿಯವನು ಅಂತ ಕಲ್ಲು ಹೇಳುವುದಿಲ್ಲ. ಕೊಂಡವನ ಅಭಿರುಚಿ ಮಾತ್ರ ಚೆನ್ನಾಗಿ ಹೇಳುತ್ತದೆ: ನನ್ನ ಬೇಟೆ, ನನ್ನ ಕುದುರೆ, ನನ್ನ ಮನೆಯ ಹೆಂಗಸು.

ಕೆತ್ತುವುದು ಹೇಗೆ? ಚಾಲ್ಸೆಡೊನಿಯ ಗಡಸುತನ ಹತ್ತಕ್ಕೆ ಸುಮಾರು 7. ಕಬ್ಬಿಣದ ಉಳಿ ಅದರ ಮೇಲೆ ಜಾರುತ್ತದೆ ಅಷ್ಟೆ. ಅದಕ್ಕೆ ಕಲ್ಲನ್ನು ಕಲ್ಲಿನಿಂದಲೇ ತಿನ್ನಿಸುತ್ತಿದ್ದರು. ಬಿಲ್ಲಿನ ದಾರದಿಂದ ತಿರುಗುವ ಬೈರಿಗೆ, ಅದರ ತುದಿಗೆ ಮೆತ್ತನೆಯ ಲೋಹ, ಮೇಲೆ ಎಣ್ಣೆಯಲ್ಲಿ ಕಲಸಿದ ಕುರಂದ ಅನ್ನುವ ಗಡಸು ಕಲ್ಲಿನ ಪುಡಿ. ಕುರಂದದ ಗಡಸುತನ 9. ಪುಡಿ ಮೆತ್ತನೆಯ ಲೋಹಕ್ಕೆ ಕಚ್ಚಿಕೊಂಡು ಕೂರುತ್ತದೆ, ಕಲ್ಲನ್ನು ಕೊರೆಯುವುದು ಅದು. ಗ್ರೀಕರಿಗೆ ಈ ಪುಡಿ ನಾಕ್ಸಾಸ್ ದ್ವೀಪದಿಂದ ಸಿಗುತ್ತಿತ್ತು. ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಕೆತ್ತಬೇಕು, ಒತ್ತಿದಾಗ ಸರಿಯಾಗಲು. ಅಗ್ಗದ ಕೆಲಸದಲ್ಲಿ ಬೈರಿಗೆಯ ಗುರುತು ಹಾಗೇ ಉಳಿದುಬಿಟ್ಟಿದೆ: ಕುದುರೆಯ ಮಂಡಿ, ಗೊರಸು, ಮೂತಿ ಎಲ್ಲ ಗುಂಡು ಗುಂಡು. ಒಂದೊಂದು ಗುಂಡೂ ಬೈರಿಗೆ ಇಟ್ಟು ಎತ್ತಿದ ಒಂದೊಂದು ಜಾಗ. ದುಬಾರಿ ಹರಳಿನಲ್ಲಿ ಆ ಗುಂಡುಗಳನ್ನು ಉಜ್ಜಿ ಉಜ್ಜಿ ಸ್ನಾಯು ಮಾಡಿರುತ್ತಾರೆ. ನಾಣ್ಯದ ಅಚ್ಚು ಕೆತ್ತುವುದೂ ಹೆಚ್ಚುಕಡಿಮೆ ಇದೇ ವಿದ್ಯೆ: ಒಳಕ್ಕೆ ತೋಡುವುದು, ತಿರುಗುಮುರುಗಾಗಿ ತೋಡುವುದು.

ಅಲೆಕ್ಸಾಂಡರ್ ನಂತರ ಇದಕ್ಕೆ ಭಾರತ ಇನ್ನೊಂದು ದಾರಿಯಿಂದ ಸೇರಿತು, ಕಲ್ಲಿನ ಮೂಲಕ. ಗ್ರೀಕ್ ಕುಶಲಕರ್ಮಿಗಳಿಗೆ ಇದ್ದಕ್ಕಿದ್ದಂತೆ ಗಾರ್ನೆಟ್ ಹುಚ್ಚು ಹಿಡಿಯಿತು. ಈಜಿಪ್ಟಿನ ಗ್ರೀಕ್ ರಾಣಿಯರ ಮುಖಗಳನ್ನು ಆ ದಟ್ಟ ಕೆಂಪು ಕಲ್ಲಿನಲ್ಲಿ ಕೆತ್ತಿಸಿದರು. ಆ ಕಾಲದ ಗಾರ್ನೆಟ್‌ಗಳಲ್ಲಿ ಹಲವು ಭಾರತದವು ಅಂತ ಈಚಿನ ರಾಸಾಯನಿಕ ಪರೀಕ್ಷೆಗಳು ತೋರಿಸಿವೆ. ಬಿಳಿ, ಕಂದು ಪದರಗಳಿರುವ ಓನಿಕ್ಸ್ ಬೇಕಾದದ್ದು ಉಬ್ಬು ಕೆತ್ತನೆಗೆ. ಬಿಳಿ ಪದರದಲ್ಲಿ ಮುಖ ಬಿಡಿಸಿ, ಸುತ್ತಲಿನ ಬಿಳಿ ಕೆರೆದು ತೆಗೆದರೆ ಕೆಳಗಿನ ಕಂದು ಪದರ ಹಿನ್ನೆಲೆಯಾಗುತ್ತದೆ. ಕ್ರಿ.ಶ. 1ನೇ ಶತಮಾನದಲ್ಲಿ ಗ್ರೀಕ್ ನುಡಿಯ ಒಬ್ಬ ವ್ಯಾಪಾರಿ ಬರೆದಿಟ್ಟ ಸಮುದ್ರಯಾನದ ಕೈಪಿಡಿ ಉಳಿದಿದೆ. ಪೈಠಣದಿಂದ ಭರೂಚ್ ಬಂದರಿಗೆ ಈ ಕಲ್ಲು ಗಾಡಿಗಳಲ್ಲಿ, ದಾರಿಯೇ ಇಲ್ಲದ ಸೀಮೆ ದಾಟಿ ಬರುತ್ತದೆ, ಇಪ್ಪತ್ತು ದಿನದ ಪ್ರಯಾಣ ಅನ್ನುತ್ತಾನೆ ಅವನು. ಪೈಠಣ ಆಗ ಶಾತವಾಹನರ ರಾಜಧಾನಿ. ರೋಮಿನ ಶ್ರೀಮಂತನ ಉಂಗುರದಲ್ಲಿ ಗ್ರೀಕ್ ದೇವರು ಕೂತಿದ್ದರೂ, ಅವನು ಕೂತ ಕಲ್ಲು ದಖ್ಖನಿನ ಎತ್ತಿನ ಗಾಡಿಯಲ್ಲಿ ಕುಲುಕಾಡಿಕೊಂಡು ಬಂದದ್ದಿರಬಹುದು.

ತಕ್ಷಶಿಲೆಯ ಬೆಳ್ಳಿ ಪಾತ್ರೆಗಳನ್ನು ಹೇಳದೆ ಮುಂದೆ ಹೋಗಲಾರೆ. ಜಾನ್ ಮಾರ್ಷಲ್ 1913ರಿಂದ 1934ರವರೆಗೆ ಅಲ್ಲಿ ಅಗೆಸಿದರು. ಸಿರ್‌ಕಪ್ ಅನ್ನುವ ಭಾಗದಲ್ಲಿ ಮನೆಗಳ ನೆಲದಡಿ ಹೂತಿಟ್ಟ ಬೆಳ್ಳಿ ಸಿಕ್ಕಿತು: ಬಟ್ಟಲು, ಲೋಟ, ಸೌಟು, ದ್ರಾಕ್ಷಿ ಬಳ್ಳಿ ಮುಡಿದ ಗ್ರೀಕರ ಮದ್ಯದ ದೇವರು ಡಯೊನೈಸಸ್‌ನ ಉಬ್ಬು ಮುಖ. ಕ್ರಿ.ಶ. 1ನೇ ಶತಮಾನದಲ್ಲಿ ಕುಶಾಣರ ದಾಳಿಗೆ ಹೆದರಿ ಹೂತಿಟ್ಟದ್ದು, ತೆಗೆಯಲು ಯಾರೂ ವಾಪಸು ಬರಲಿಲ್ಲ ಅಂತ ಮಾರ್ಷಲ್ ಊಹಿಸಿದರು. ಆಕಾರ, ಅಲಂಕಾರ ಗ್ರೀಕ್ ಮತ್ತು ರೋಮನ್ ಲೋಕದ್ದು. ಕೆಲವದರ ಮೇಲೆ ಖರೋಷ್ಠಿಯಲ್ಲಿ, ಅಂದರೆ ಆ ವಾಯವ್ಯ ಸೀಮೆಯ ಹಳೇ ಲಿಪಿಯಲ್ಲಿ ಬರಹವಿದೆ. ಒಂದು ಪಾತ್ರೆಯಲ್ಲಿ ಮಣಿಗುಲನ ಮಗ ಕ್ಷತ್ರಪ (ಅಂದರೆ ಪ್ರಾಂತ್ಯದ ಅಧಿಪತಿ) ಜಿಹೊಣಿಕನ ಹೆಸರಿದೆ. ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಅಕ್ಷರ. ಮದುವೆಗೆ ಕೊಡುವ ಪಾತ್ರೆಗೆ ‘ಇಂಥವರಿಂದ’ ಅಂತ ಚುಕ್ಕಿಯಲ್ಲಿ ಹೆಸರು ಹಾಕಿಸಿ ತರುತ್ತೇವಲ್ವಾ, ಥೇಟ್ ಹಾಗೇ.

ತೂಕ ಬರೆದ ಪಾತ್ರೆಗಳೂ ಇವೆ. ಅಳತೆ ಗ್ರೀಕರ ಸ್ಟೇಟರ್ ಮತ್ತು ದ್ರಾಖ್ಮ. ಈ ದ್ರಾಖ್ಮವೇ ಭಾರತದಲ್ಲಿ ‘ದ್ರಮ್ಮ’ ಆಯಿತು. ನಮ್ಮ ಹಳೆಯ ಶಾಸನಗಳಲ್ಲಿ ಗದ್ಯಾಣದ ಜೊತೆಗೆ ಅದೂ ಬರುತ್ತದೆ. ಉತ್ತರದಲ್ಲಿ ಅದು ‘ದಾಮ್’ ಆಗಿ, ‘ದಮ್ಡಿ’ ಆಗಿ, ನಮ್ಮ ಬಾಯಲ್ಲಿ ದಮ್ಮಡಿ ಆಯಿತು. ‘ಒಂದು ದಮ್ಮಡಿನೂ ಬಿಚ್ಚಲ್ಲ’ ಅಂತ ಜಿಪುಣನನ್ನು ಬೈದಾಗ ಆ ಪದ ಗ್ರೀಸಿನಿಂದ ನಡೆದು ಬಂದದ್ದು ಅಂತ ಯಾರು ಯೋಚಿಸುತ್ತಾರೆ?

ನಾಣ್ಯಕ್ಕೇ ವಾಪಸು ಬರುತ್ತೇನೆ, ಯಾಕೆಂದರೆ ಬೆಸುಗೆ ದಕ್ಷಿಣಕ್ಕೆ ಬಂದದ್ದು ಅದರಲ್ಲೇ. ಅಗಾಥೊಕ್ಲಿಸ್‌ನ ನಂತರದ ಮೆನಾಂಡರ್, ಬೌದ್ಧರ ಮಿಲಿಂದ, ದುಂಡು ಬೆಳ್ಳಿ ನಾಣ್ಯ ಹೊರಡಿಸಿದ. ಒಂದು ಕಡೆ ತನ್ನ ಮುಖ, ಗ್ರೀಕ್‌ನಲ್ಲಿ ‘ಸೋಟೆರೋಸ್’, ಅಂದರೆ ಕಾಪಾಡುವವನು. ಹಿಂದೆ ಸಿಡಿಲು ಎಸೆಯುವ ಅಥೀನಾ, ಖರೋಷ್ಠಿಯಲ್ಲಿ ‘ಮಹಾರಜಸ ತ್ರತರಸ ಮೆನಂದ್ರಸ’. ತ್ರಾತಾರ ಅಂದರೂ ಕಾಪಾಡುವವನೇ. ಇಂಥ ಎರಡು ಲಿಪಿಯ ನಾಣ್ಯಗಳಿಂದಲೇ ಮರೆತುಹೋಗಿದ್ದ ಲಿಪಿಗಳ ಬೀಗ ತೆಗೆದದ್ದು. 1836ರಲ್ಲಿ ಕ್ರಿಶ್ಚಿಯನ್ ಲಾಸೆನ್ ಅಗಾಥೊಕ್ಲಿಸ್‌ನ ನಾಣ್ಯದ ಗ್ರೀಕ್ ಹೆಸರನ್ನು ಹಿಡಿದು ಕೆಲವು ಬ್ರಾಹ್ಮಿ ಅಕ್ಷರ ಓದಿದ. ಬೆನ್ನಿಗೇ ಜೇಮ್ಸ್ ಪ್ರಿನ್ಸೆಪ್ ಉಳಿದದ್ದನ್ನು ಬಿಡಿಸಿದ. ಬ್ರಹ್ಮಗಿರಿ, ಮಸ್ಕಿಯ ಬಂಡೆಗಳ ಮೇಲೆ ಅಶೋಕ ಏನು ಬರೆಸಿದ ಅಂತ ಇವತ್ತು ನಾವು ಓದುತ್ತಿರುವುದು ಆ ಕೀಲಿಯಿಂದ. ಕನ್ನಡ ಲಿಪಿಯ ಮೂಲವೂ ಬ್ರಾಹ್ಮಿಯೇ ತಾನೇ.

ಪಶ್ಚಿಮ ಭಾರತದ ಕ್ಷತ್ರಪರು ಈ ಮಾದರಿ ಹಿಡಿದರು. ನಹಪಾನನ ಬೆಳ್ಳಿ ನಾಣ್ಯದಲ್ಲಿ ಅವನ ಮುಖ, ಸುತ್ತ ಗ್ರೀಕ್ ಅಕ್ಷರ. ಆದರೆ ಮಾತು ಪ್ರಾಕೃತ! ನಾವು ವಾಟ್ಸ್ಯಾಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವ ಹಾಗೆ. ಮುಂದಿನ ಕ್ಷತ್ರಪರ ಕಾಲಕ್ಕೆ ಆ ಅಕ್ಷರ ಓದುವವರು ಯಾರೂ ಉಳಿಯಲಿಲ್ಲ. ಅಚ್ಚು ಕೆತ್ತುವವನು ಹಿಂದಿನ ನಾಣ್ಯ ನೋಡಿ ಗೀಚಿದ, ಅವನ ನಂತರದವನು ಆ ಗೀಚಿದ್ದನ್ನು ನೋಡಿ ಗೀಚಿದ. ಕೊನೆಗೆ ಬರೀ ಅಂಚಿನ ಅಲಂಕಾರ. ಕೊಡೆ ಕಿರೀಟವಾದ ಹಾಗೆ ಅಕ್ಷರ ಬಳ್ಳಿಯಾಯಿತು.

ನಹಪಾನನನ್ನು ಗೌತಮೀಪುತ್ರ ಶಾತಕರ್ಣಿ ಸೋಲಿಸಿದ. 1906ರಲ್ಲಿ ನಾಸಿಕ್ ಹತ್ತಿರದ ಜೋಗಲ್‌ತೆಂಬಿಯಲ್ಲಿ 13 ಸಾವಿರಕ್ಕೂ ಹೆಚ್ಚು ನಹಪಾನನ ನಾಣ್ಯ ಸಿಕ್ಕವು. ಅದರಲ್ಲಿ 9 ಸಾವಿರಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರನ ಅಚ್ಚು ಬಿದ್ದಿದೆ. ಸೋತವನ ಮುಖದ ಮೇಲೇ ಗೆದ್ದವನ ಬೆಟ್ಟದ ಗುರುತು. ಕೆನ್ನೆ, ಮೂಗು ಅಡಿಯಲ್ಲಿ ಇನ್ನೂ ಕಾಣುತ್ತವೆ. ಆಮೇಲೆ ಶಾತವಾಹನರಿಗೂ ಮುಖದ ನಾಣ್ಯದ ಆಸೆ ಹತ್ತಿತು. ಇವರು ನಮಗೆ ದೂರದವರೇನಲ್ಲ, ಸನ್ನತಿಯಲ್ಲಿ, ಬನವಾಸಿಯಲ್ಲಿ ಅವರ ಶಾಸನಗಳಿವೆ.

ವಾಸಿಷ್ಠೀಪುತ್ರ ಪುಳುಮಾವಿಯ ಬೆಳ್ಳಿ ನಾಣ್ಯ ಅದರ ಫಲ. ಮುಂದೆ ಬಲಕ್ಕೆ ತಿರುಗಿದ ದೊರೆಯ ಮುಖ, ಗ್ರೀಕ್ ದೊರೆಗಳು ತಿರುಗಿದ ಹಾಗೇ, ಸುತ್ತ ಪ್ರಾಕೃತದಲ್ಲಿ ಹೆಸರು. ಹಿಂದೆ ಬೆಟ್ಟ, ಹೊಳೆ, ಸೂರ್ಯ, ಚಂದ್ರ. ಒಂದು ನಾಣ್ಯ, ಎರಡು ಮುಖ, ಎರಡು ನುಡಿ ಅನ್ನುವ ಅಗಾಥೊಕ್ಲಿಸ್‌ನ ಉಪಾಯ ಇಲ್ಲೂ ಇದೆ. ಗ್ರೀಕ್ ಇಲ್ಲ ಅಷ್ಟೆ. ಅದರ ಬದಲು ಹಿಂಬದಿಯಲ್ಲಿ ಒಂದು ದ್ರಾವಿಡ ನುಡಿ, ಬ್ರಾಹ್ಮಿ ಅಕ್ಷರದಲ್ಲಿ. ಯಾವ ನುಡಿ ಅಂತ ವಿದ್ವಾಂಸರು ಇನ್ನೂ ಜಗಳ ಆಡುತ್ತಿದ್ದಾರೆ. ತಮಿಳು ಅನ್ನುವವರಿದ್ದಾರೆ, ತೆಲುಗು ಅನ್ನುವವರಿದ್ದಾರೆ. ‘ವಾಸಿಷ್ಠಿಯ ಪುತ್ರ’ ಅನ್ನುವಲ್ಲಿ ಅಲ್ಲಿರುವ ಪದ ‘ಮಕಣಕು’. ಬಿಡಿಸಿ ಓದಿ: ಮಕನ್, ಮಗ.